ಸದ್ದು ತಡೆಯುವ ಹಾಳೆಗಳು

ಕಳೆದ ದಸರೆಯ ಖಂಡೇನವಮಿ ಮುಗಿದ ಮರುವಾರ, ಕೊಂಢವಾ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ನನ್ನ ಸೋದರಮಾವ ತಮ್ಮ ಕಾರಿನ ನೆಲಕ್ಕೆ ಅಂಟಿದ್ದ ಡಾಂಬರಿನ ಹಾಳೆಗಳನ್ನು ಕೀಳಿಸಿದರು. ಹಾಳೆಗಳಲ್ಲಿ ಯಾವ ದೋಷವೂ ಇರಲಿಲ್ಲ.

ಅದು ಜಪಾನಿನ ಹಳೆಯ ಕಾರು. ರ‍್ಯಾಲಿ ಓಟಕ್ಕೆಂದು ರೂಪಿಸಿ, ಆಮೇಲೆ ರಸ್ತೆಗೂ ಮಾರಿದ್ದು. ಅದೇ ಹೆಸರು, ಅದೇ ಎಂಜಿನ್ನು, ಆದರೆ ಬಗೆ ಎರಡು. ಮನೆಮಂದಿಯ ಬಗೆಯಲ್ಲಿ ಎಸಿ ಇತ್ತು, ಗುಂಡಿ ಒತ್ತಿದರೆ ಇಳಿಯುವ ಗಾಜು ಇತ್ತು, ಸದ್ದು ಒಳಗೆ ಬಾರದಂತೆ ನೆಲದ ತಗಡಿಗೆ ಅಂಟಿಸಿದ ದಪ್ಪ ಹಾಳೆಗಳಿದ್ದವು. ಓಟಗಾರರ ಬಗೆಯಲ್ಲಿ ಇವು ಯಾವುವೂ ಇಲ್ಲ. ಗಾಜು ಇಳಿಸಲು ಕೈಯಿಂದ ತಿರುಗಿಸುವ ಹಿಡಿಕೆ, ಬೋಳು ನೆಲ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಸುಲಭಕ್ಕೆ ತಿಳಿಯದು. ಬಾಗಿಲು ಎಳೆದುಕೊಂಡರೆ ತಿಳಿಯುತ್ತದೆ. ಮನೆಮಂದಿಯದು ದಿಂಬನ್ನು ಗುದ್ದಿದ ಹಾಗೆ ಮುಚ್ಚಿಕೊಳ್ಳುತ್ತದೆ, ಓಟಗಾರರದು ಹಿಟ್ಟಿನ ಡಬ್ಬಿಯ ಹಾಗೆ.

ಮಾಮಾ ಒಂದು ಕಾಲಕ್ಕೆ ರ‍್ಯಾಲಿಗಳಲ್ಲಿ ಓಡಿಸಿದ್ದು ಗೆಳೆಯನ ಬೋಳು ಕಾರನ್ನು. ಸ್ವಂತಕ್ಕೆ ಕೊಂಡದ್ದು ಮನೆಮಂದಿಯ ಬಗೆ. ಮಾಮಿಗೆ ಸೆಕೆ ತಡೆಯದು. ಈಚಿನ ವರ್ಷಗಳಲ್ಲಿ ಮಾಮಾರ ಕಿವಿ ಮಂದವಾಗುತ್ತ ಬಂದಿತ್ತು. ಕಿವಿಯ ಯಂತ್ರ ಮಾತನ್ನು ಅಷ್ಟಿಷ್ಟು ತಂದುಕೊಡುತ್ತಿತ್ತು, ರಸ್ತೆಯನ್ನಲ್ಲ.

"ಗಾಡಿ ನಿಂತದೋ ಓಡತದೋ ತಿಳಿಯಂಗಿಲ್ಲ. ನೀರಾಗ ಮುಳುಗಿ ಕೂತಂಗ ಆಗತದ," ಅಂದಿದ್ದರು.

ಓಡಿಸುವುದನ್ನೇ ಬಿಡುವ ಮಾತು ಮನೆಯಲ್ಲಿ ಎದ್ದಿತ್ತು. ಬಿಡುವ ಮೊದಲು ತಮ್ಮ ಕಾರನ್ನು ಆ ಇನ್ನೊಂದು ಬಗೆಯಾಗಿಸಿ ನೋಡಬೇಕು ಎಂಬುದು ಅವರ ಹಟ.

ಗ್ಯಾರೇಜಿನಲ್ಲಿ ಸೀಟುಗಳನ್ನು ಹೊರಗಿಟ್ಟಿದ್ದರು. ಮೆಕ್ಯಾನಿಕ್ ಸುತ್ತಿಗೆ ಹಿಡಿದು ಒಮ್ಮೆ ಎಚ್ಚರಿಸಿದ: "ಕಾಕಾ, ಪರತ್ ಲಾಗಣಾರ್ ನಾಹೀ ಹಂ." ಮತ್ತೆ ಅಂಟಿಸಲಾಗದು ಎಂದು.

"ರೊಕ್ಕಾ ಕೊಟ್ಟು ತಂದದ್ದನ್ನ ಮತ್ತ ರೊಕ್ಕಾ ಕೊಟ್ಟು ಕೀಳಸೂ ಮನಿ ಇದೊಂದ ನೋಡು," ಎಂದು ಮಾಮಿ ನನಗೆ ಹೇಳಿದರು.

"ಏನಂದಿ?" ಅಂದರು ಮಾಮಾ.

"ಏನಿಲ್ರಿ." ಆಮೇಲೆ ದನಿ ತಗ್ಗಿಸಿ, "ಎಸಿ ಮಾತ್ರ ಮುಟ್ಟಬ್ಯಾಡ್ರಿ."

"ಎಸಿ ಮುಟ್ಟತೀನಿ ಅಂತ ನಾ ಎಲ್ಲಿ ಅಂದೆ?"

"ಅಯ್ಯ, ಇದು ಹೆಂಗ ಕೇಳಸ್ತು?"

ಐಸ್‌ಕ್ರೀಮಿನವರು ಬಳಸುವ ಡ್ರೈ ಐಸನ್ನು ಹಾಳೆಗಳ ಮೇಲೆ ಹರಡಿದರು. ತಣ್ಣಗಾದ ಡಾಂಬರು ಸುತ್ತಿಗೆ ತಾಗಿದರೆ ಶೇಂಗಾ ಚಿಕ್ಕಿಯಂತೆ ಒಡೆಯುತ್ತದೆ. ಬಿಳಿಯ ಹಬೆ ಕಾರಿನೊಳಗೆ ತುಂಬಿ, ಬಾಗಿಲುಗಳಿಂದ ಚೆಲ್ಲಿ, ನೆಲದ ಮೇಲೆ ತೆವಳಿತು. ಚಕ್ರಗಳು ಕಾಣದಾದವು. ಕಾರು ನೆಲಕ್ಕೆ ತಾಗದೆ ತೇಲುವಂತೆ ನಿಂತಿತ್ತು. ಮಾಮಾ ಮೊಣಕಾಲಿನವರೆಗೆ ಆ ಬಿಳುಪಿನಲ್ಲಿ ಹೂತು, ಏನನ್ನೋ ಆಲಿಸುವವರಂತೆ ತಲೆ ಓರೆ ಮಾಡಿದ್ದರು.

ಆ ಭಾನುವಾರ ಮೂವರೂ ರಾಂಜಣಗಾಂವದ ಕಡೆ ಹೋದೆವು. ಕಾರ್ಖಾನೆಗಳ ಗೋಡೆ ಮುಗಿದ ಮೇಲೆ ಜಲ್ಲಿಮಣ್ಣು ಹಾಸಿದ ಒಂದು ಗರಸಿನ ದಾರಿ ಹೊಲಗಳ ನಡುವೆ ಇಳಿಯುತ್ತದೆ. ಮಾಮಾ ಕಿವಿಯ ಯಂತ್ರ ತೆಗೆದು ಮಾಮಿಯ ಕೈಗಿಟ್ಟರು. ಕಾರಿನ ಹೊಟ್ಟೆಗೆ ಕಲ್ಲುಗಳು ಬಡಿಯತೊಡಗಿದವು. ಹಿಂದಿನ ಸೀಟಿನಲ್ಲಿ ನನಗೆ ಅದು ಮೊದಲು ಗದ್ದಲ. ಸ್ವಲ್ಪ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚಿತು. ದಾರಿ ಅಂಗಾಲಿನಿಂದ ಏರಿ ಎದೆಯವರೆಗೆ ಬರುತ್ತಿತ್ತು.

"ಈಗ ದಪ್ಪ ಖಡಿ," ಅಂದರು ಮಾಮಾ. ಆಮೇಲೆ, "ಈಗ ಉಸುಕು." ಜಲ್ಲಿಯೂ ಮರಳೂ ಎರಡೂ ಸರಿಯಾಗಿದ್ದವು. "ಕುಂಡಿಗೆ ಕೇಳಸ್ತದ!" ಎಂದು ನಕ್ಕರು.

"ಹಾರ್ನ್ ಕೇಳಸ್ತದೇನ್ರಿ?" ಮಾಮಿ ಕೂಗಿದರು. ನಮ್ಮ ಹಿಂದೆ ಟ್ರ್ಯಾಕ್ಟರೊಂದು ಬಹಳ ಹೊತ್ತಿನಿಂದ ಹಾರ್ನ್ ಹೊಡೆಯುತ್ತಿತ್ತು. ಮಾಮಾ ನಡುದಾರಿಯಲ್ಲೇ ಇದ್ದರು. ಮಾಮಿ ಅವರ ತೋಳು ಹಿಡಿದು ಹಿಂದಕ್ಕೆ ಬೆರಳು ತೋರಿಸಿದ ಮೇಲೆ ಕಾರು ಬದಿಗೆ ಸರಿಯಿತು. ಟ್ರ್ಯಾಕ್ಟರಿನವನು ಏನೋ ಬೈದು ಮುಂದೆ ಹೋದ. ಧೂಳು ಇಳಿದ ಮೇಲೆ ಮಾಮಾ ಕಾರನ್ನು ತಿರುಗಿಸಿದರು.

ಮರಳಿ ಹೈವೇ ಕಾಣಿಸಿದಾಗ ಮಾಮಾ ಎಂಜಿನ್ ನಿಲ್ಲಿಸಿದರು. ಕೀ ತೆಗೆದು ಮಾಮಿಗೆ ಚಾಚಿದರು. ಮಾಮಿಗೆ ಲೈಸೆನ್ಸ್ ಇತ್ತು. ಆ ಕಾರನ್ನು ಒಮ್ಮೆಯೂ ಓಡಿಸಿರಲಿಲ್ಲ.

"ಕ್ಲಚ್ ಭಾಳ ಬಿರುಸದ," ಅಂದರು ಮಾಮಾ.

"ನಿಮ್ಮಷ್ಟಿಲ್ಲ ತಗೋರಿ."

ಈಗ ಹೈವೇಯಲ್ಲಿ ಮಾಮಿ ಓಡಿಸುತ್ತಾರೆ. ಗರಸಿನ ದಾರಿಯ ಬಾಯಿಗೆ ಬಂದಾಗ ಇಬ್ಬರೂ ಇಳಿದು ಜಾಗ ಬದಲಿಸಿಕೊಳ್ಳುತ್ತಾರೆ. ಕಳೆದ ಭಾನುವಾರವೂ ಹೋಗಿದ್ದರು.