ಇಮಾಮರು ಊರುವ ನೇರ ಖಡ್ಗ

ಇಸ್ಲಾಮೀ ಲೋಕದ ಖಡ್ಗಗಳ ಚರಿತ್ರೆಯನ್ನು ಬಾಗಿದ ಅಲಗಿಗೂ ನೇರ ಅಲಗಿಗೂ ನಡೆದ ಜಗಳವೆಂದೇ ಬಗೆದವರು ಹೆಚ್ಚಾಗಿದ್ದ ಕಾಲದಲ್ಲಿ, ಅದನ್ನು ಒಂದೇ ಮನೆತನದ ಕಥೆಯಾಗಿ ಓದಲು ನಮಗೆ ಕಲಿಸಿದವರು ಸೆಲಾಮಿ ಬೇ. ಟರ್ಕಿಯ ಎದಿರ್ನೆ ನಗರದ ನಮ್ಮ ಸಂಗ್ರಹಾಲಯದ ಆಯುಧ ವಿಭಾಗದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಪಳಗಿದ ನನಗೆ ನಾಲ್ಕು ಮಾತು ಬರೆಯುವ ಭಾಗ್ಯ ದೊರೆತಿದೆ.

ಸೇರಿದ ಹೊಸದರಲ್ಲಿ ಅವರು ನನಗೆ ಖಡ್ಗ ಮುಟ್ಟಲೇ ಬಿಡಲಿಲ್ಲ. ತೊಗಲಿನ ಒರೆಗಳಿಗೆ ಎಣ್ಣೆ ಹಚ್ಚಲು ಕೂರಿಸಿದರು. ನಾನು ಮುಖ ಊದಿಸಿಕೊಂಡರೆ, ಸಕ್ಕರೆಗಟ್ಟಿ ಎರಡು ಹೆಚ್ಚಿಗೆ ಇಡಿಸಿ ಚಹಾ ತರಿಸುತ್ತಿದ್ದರು.

ಆ ಚಳಿಗಾಲದಲ್ಲೇ ಹಳೆಯ ಮಸೀದಿಯೊಂದರ ಮೇಲ್ವಿಚಾರಕರಾದ ಹಾಜಿ ರಾಮಿಸ್ ಎಫೆಂದಿ ಬಟ್ಟೆ ಸುತ್ತಿದ ನೇರ ಖಡ್ಗವೊಂದನ್ನು ತಂದರು. ಶುಕ್ರವಾರ ಇಮಾಮರು ಒರೆಯಲ್ಲಿಟ್ಟ ಖಡ್ಗವನ್ನು ಊರಿಕೊಂಡು ಪ್ರವಚನಪೀಠದ ಮೆಟ್ಟಿಲೇರುವುದು ಅಲ್ಲಿನ ವಾಡಿಕೆ. ತಲೆಮಾರುಗಳಿಂದ ಊರುತ್ತಿದ್ದ ಅದನ್ನು ಎಸೆದು, ಥಳಥಳಿಸುವ ಬಾಗುಗತ್ತಿ ಕೊಳ್ಳಲು ಹಾಜಿಗಳು ತೀರ್ಮಾನಿಸಿಬಿಟ್ಟಿದ್ದರು.

“ನೇರ ಇದೆ ಅಂದ್ಮೇಲೆ ಫರಂಗಿಯವರದ್ದೇ ಅಲ್ವಾ? ನಮ್ಮೋರ ಕತ್ತಿ ಹೀಗಿರುತ್ತಾ? ನೀವು ಹೂಂ ಅಂದ್ಬಿಡಿ, ಇವತ್ತೇ ಗುಜರಿಗೆ ಹಾಕ್ತೀನಿ.”

ನನಗೋ ಮೈಯೆಲ್ಲ ಉರಿದುಹೋಯಿತು. ಸೆಲಾಮಿ ಬೇ ಮಾತ್ರ ಅವರನ್ನು ಕೂರಿಸಿ, ನಮ್ಮಲ್ಲಿರುವ ಅತಿ ಹಳೆಯ ಅರಬ್ ಅಲಗುಗಳನ್ನು ಮುಂದಿಟ್ಟರು. ಎಲ್ಲವೂ ನೇರ.

“ಮೊದಲಿನವರು ಹಿಡಿದದ್ದು ಇಂಥದ್ದನ್ನೇ ಹಾಜಿಗಳೇ. ಬಾಗಿದ್ದು ಆಮೇಲೆ ಪೂರ್ವದಿಂದ ಕುದುರೆ ಮೇಲೆ ಬಂತು. ಎರಡೂ ನಮ್ಮದೇ.”

“ಪುಸ್ತಕದ ಬದನೇಕಾಯಿ ಬಿಡಿ!”

ಸೆಲಾಮಿ ಬೇ ನಕ್ಕು, ಪ್ರದರ್ಶನಕ್ಕೆಂದು ಮಾಡಿಸಿದ್ದ ನಕಲು ಬಾಗುಗತ್ತಿಯನ್ನು ಒರೆಸಮೇತ ಅವರ ಕೈಗಿತ್ತರು. “ಸರಿ, ಇದನ್ನ ಊರ್ಕೊಂಡು ನಮ್ಮ ಮಹಡಿ ಮೆಟ್ಟಿಲು ಹತ್ತಿ, ನೋಡೋಣ.”

ಎರಡನೆಯ ಮೆಟ್ಟಿಲಿಗೇ ಬಾಗಿದ ತುದಿ ಪಕ್ಕಕ್ಕೆ ಜಾರಿತು. ಹಿಂದೆಯೇ ನಿಂತಿದ್ದ ಸೆಲಾಮಿ ಬೇ ಹಾಜಿಗಳನ್ನು ತಬ್ಬಿ ಹಿಡಿದರು.

“ಅಯ್ಯೋ ದೇವ್ರೇ! ನಮ್ಮ ಇಮಾಮರಿಗೆ ಮಂಡಿನೋವು ಬೇರೆ!” ಎಂದ ಹಾಜಿಗಳು, ನೇರ ಖಡ್ಗವನ್ನು ತಾವೇ ಜೋಪಾನವಾಗಿ ಸುತ್ತಿಕೊಂಡು ಮಸೀದಿಗೆ ಮರಳಿದರು.

ಕಳೆದ ಶುಕ್ರವಾರ ಗುರುಗಳಾದ ಸೆಲಾಮಿ ಬೇಯವರೊಡನೆ ಆ ಮಸೀದಿಗೆ ಹೋಗಿದ್ದೆ. ಹೊಸ ಇಮಾಮರು ಅದೇ ಖಡ್ಗವನ್ನು ಊರಿ ಮೆಟ್ಟಿಲೇರಿದರು. ಪ್ರಾರ್ಥನೆ ಮುಗಿದ ಮೇಲೆ, ಈಗ ಕಣ್ಣು ಮಂಜಾಗಿರುವ ರಾಮಿಸ್ ಎಫೆಂದಿ ಗುರುಗಳ ಗುರುತು ಹತ್ತದೆ, ಹತ್ತಿರ ಕೂರಿಸಿಕೊಂಡು ವಿವರಿಸತೊಡಗಿದರು.

“ನೋಡಿ, ಮೊದಲಿನವರದ್ದು ನೇರ. ಬಾಗಿದ್ದು ಆಮೇಲೆ ಕುದುರೆ ಮೇಲೆ ಬಂತು. ಎರಡೂ ನಮ್ಮದೇ. ನಮ್ಮಜ್ಜ ಹೇಳ್ತಿದ್ರು.”

ನಾನು ಬಾಯಿ ತೆರೆಯುವಷ್ಟರಲ್ಲಿ ಗುರುಗಳು ನನ್ನ ಕೈ ಅದುಮಿದರು. “ಹೌದಾ ಹಾಜಿಗಳೇ? ಎಷ್ಟು ಚೆನ್ನಾಗಿ ಹೇಳಿದ್ರಿ! ಇನ್ನೊಂದ್ಸಲ ಹೇಳಿ.”

ಅಲ್ಲಿ ನನ್ನ ಬಾಯಿ ಮುಚ್ಚಿಸಿದರು, ಇಲ್ಲಿ ಮುಚ್ಚಿಸಲಾರರು. ಆ ಮಾತು ಅಜ್ಜನದಲ್ಲ, ನಮ್ಮ ಸೆಲಾಮಿ ಬೇಯವರದು. ಅವರು ನೂರ್ಕಾಲ ಬಾಳಲಿ, ಅರ್ಧಕ್ಕೆ ನಿಂತಿರುವ ತಮ್ಮ ಖಡ್ಗಚರಿತ್ರೆಯನ್ನು ಮುಗಿಸಲಿ, ಅವರ ಮಂಡಿಗಳೂ ಗಟ್ಟಿಯಾಗಿರಲಿ.