ಟೈಲರಮ್ಮನ ಕಾರಿನ ಹಳದಿ ದೀಪ

ಟೈಲರಮ್ಮ ಕಾರು ಕಲಿತದ್ದು ಐವತ್ತೆಂಟು ದಾಟಿದ ಮೇಲೆ. ಷೋಕಿಗಲ್ಲ, ವಿಧಿಯಿಲ್ಲದೆ. ಬಸ್ಸು ಓಡಿಸಿ ನಿವೃತ್ತನಾದ ಗಂಡನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸೋತಿದ್ದವು. ವ್ಯಾಯಾಮ ಮಾಡಿಸುವ ಆಸ್ಪತ್ರೆಯೋ ಊರಿನ ಆ ತುದಿಗೆ. "ಈ ವಯಸ್ಸಲ್ಲಿ ನಿಂಗ್ಯಾಕಕ್ಕ ಇದೆಲ್ಲ?" ಎಂದ ತಮ್ಮನಿಗೆ, "ಹೊಲಿಗೆ ಮೆಷಿನ್ ತುಳಿದ ಕಾಲು ಕಣೋ, ಇದನ್ನ ತುಳಿಯಲ್ವಾ?" ಎಂದು ಬಾಯಿ ಮುಚ್ಚಿಸಿ, ಗೇರ್ ಬದಲಿಸುವ ರಗಳೆಯಿಲ್ಲದ ಹಳೇ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡೇಬಿಟ್ಟಳು. ಗಟ್ಟಿಗಿತ್ತಿ!

ಕೆಲವೇ ದಿನಗಳಲ್ಲಿ ಸ್ಟೇರಿಂಗಿನ ಮುಂದೆ ಹಳದಿ ದೀಪ ಉರಿಯತೊಡಗಿತು. ಅದೂ ಗಂಡನನ್ನು ಕೂರಿಸಿಕೊಂಡು ಹೋದಾಗ ಮಾತ್ರ. ಒಬ್ಬಳೇ ಬಟ್ಟೆ ತರಲು ಹೋದರೆ ಕಾರು ತೆಪ್ಪಗಿರುತ್ತಿತ್ತು. ಮೊದಲ ಗ್ಯಾರೇಜಿನವನು ಸ್ಕ್ಯಾನರ್ ಸಿಕ್ಕಿಸಿ, "ಗೇರ್‌ಬಾಕ್ಸ್ ಸಿಕ್ಕಾಪಟ್ಟೆ ಕಾಯ್ತಿದೆ ಅಂತ ಕೋಡ್ ಬರ್ತಿದೆ. ಅದನ್ನೇ ಬದಲಾಯಿಸ್ಬೇಕು, ಇಲ್ಲಾಂದ್ರೆ ಗುಜರಿಗೆ ಹಾಕಿ" ಎಂದುಬಿಟ್ಟ. ಅವನ ಬಾಯಿಗಿಷ್ಟು ಮಣ್ಣು ಹಾಕ! ಕಾರು ಹೋದರೆ ಆಸ್ಪತ್ರೆಯೂ ಹೋದಂತೆಯೇ. ಈಗಷ್ಟೇ ಗೋಡೆ ಹಿಡಿದು ಹೆಜ್ಜೆ ಕೀಳುತ್ತಿದ್ದ ಗಂಡ ಮತ್ತೆ ಹಾಸಿಗೆ ಹಿಡಿದರೆ ಗತಿಯೇನು ಎಂದು ಟೈಲರಮ್ಮನಿಗೆ ಅನ್ನ ಸೇರಲಿಲ್ಲ.

ಎರಡನೆಯ ಗ್ಯಾರೇಜಿನ ಮೆಕ್ಯಾನಿಕ್ ತಾನೇ ಒಂದು ಸುತ್ತು ಓಡಿಸಿದ. ದೀಪ ಉರಿಯಲಿಲ್ಲ. "ನೀವೇ ಓಡ್ಸಿ ಅಮ್ಮ. ಯಜಮಾನ್ರೂ ಬರ್ಲಿ" ಎಂದು ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಕಾರು ಓಡುತ್ತಿದ್ದರೂ ಪರದೆ ಮಾತ್ರ ಬ್ರೇಕ್ ಒತ್ತಿದೆ, ಒತ್ತಿದೆ ಎಂದೇ ತೋರಿಸುತ್ತಿತ್ತು. ಬ್ರೇಕಿನ ಸ್ವಿಚ್ಚು ಕೆಟ್ಟಿರಬೇಕೆಂದು ಮುಂದಕ್ಕೆ ಬಗ್ಗಿ ನೋಡಿದರೆ, ಟೈಲರಮ್ಮನ ಬಲಗಾಲು ಆಕ್ಸಿಲರೇಟರ್ ಮೇಲೆ, ಎಡಗಾಲು ಬ್ರೇಕಿನ ಮೇಲೆ.

"ಅಯ್ಯೋ ಅಮ್ಮಾ, ಓಡ್ಸೋದೂ ನೀವೇ, ಹಿಡ್ಕೊಳ್ಳೋದೂ ನೀವೇ ಆದ್ರೆ ಗೇರ್‌ಬಾಕ್ಸ್ ಕಾಯದೆ ಇನ್ನೇನ್ಮಾಡತ್ತೆ?"

ಟೈಲರಮ್ಮ ಕಾರನ್ನು ಬದಿಗೆ ನಿಲ್ಲಿಸಿದಳು. ನಾಚಿಕೆಯಿಂದ ಮುಖ ಸಣ್ಣದಾಯಿತು. "ಗಕ್ಕಂತ ಬ್ರೇಕ್ ಹಾಕಿದ್ರೆ ಇವ್ರು ಮುಗ್ಗರಿಸ್ತಾರಪ್ಪ. ಕೈ ಊರೋಕಾಗಲ್ಲ. ಅದಕ್ಕೇ ಇವ್ರಿದ್ದಾಗ ಮೆತ್ತಗೆ ಒತ್ಕೊಂಡೇ ಹೋಗ್ತೀನಿ."

ಮಾತು ತೊದಲುತ್ತದೆಂದು ಬೇರೆಯವರ ಮುಂದೆ ತುಟಿ ಬಿಚ್ಚದ ಆಸಾಮಿ ಅವಳ ಗಂಡ. ಈಗ ಸರಿಯಿದ್ದ ಎಡಗೈ ಚಾಚಿ ಅವಳ ಮೊಣಕಾಲು ತಟ್ಟಿದ.

"ಬಿ... ಬಿಡೇ ಬ್ರೇಕು. ನಾನೇನು ಗಾಜಿನ ಸಾಮಾನಾ? ಯಾ... ಯಾರ ಪಕ್ಕಾನೂ ನಾನು ಇಷ್ಟು ಧೈರ್ಯವಾಗಿ ಕೂತೋನಲ್ಲ. ಓಡ್ಸು."

ಟೈಲರಮ್ಮ ಕಣ್ಣೊರೆಸಿಕೊಂಡು, ಎಡಗಾಲನ್ನು ಹಿಂದಕ್ಕೆಳೆದುಕೊಂಡು, ಸೀದಾ ಆಸ್ಪತ್ರೆಯ ದಾರಿ ಹಿಡಿದಳು. ಹಿಂದೆ ಮೆಕ್ಯಾನಿಕ್ ಕೂತಿದ್ದಾನೆಂಬುದು ಇಬ್ಬರಿಗೂ ಮರೆತೇಹೋಗಿತ್ತು.