ಒಂದು ಗಂಟಲು, ಎರಡು ಕೈ

ಈರಮ್ಮಕ್ಕ ಬಸ್ಸು ನಿಲ್ಲಿಸುತ್ತಿದ್ದುದು ರಾವಣನ ದನಿಯಲ್ಲಿ. ಕುರುಗೋಡಿನ ಕ್ರಾಸಿನಲ್ಲಿ ನಿಂತು, "ಎಲವೋ ಸಾರಥಿ, ನಿಲ್ಲಿಸು ರಥವನ್ನು" ಎಂದರೆ ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಬೀಳುತ್ತಿತ್ತು. ಆಳೋ, ಜೋಳದ ಚೀಲದಷ್ಟು ಎತ್ತರ. ಹಿಂದೆ ತಂಗಿ ಸುಂಕಮ್ಮ, ತೊಗಲುಗೊಂಬೆಗಳ ಪೆಟ್ಟಿಗೆಯ ಒಂದು ತುದಿ ಹಿಡಿದುಕೊಂಡು ನಗು ನುಂಗುತ್ತ.

"ಹೆಣ್ಮಕ್ಕಳಿಗೆ ಫ್ರೀ, ಪೆಟ್ಟಿಗಿಗೆ ಲಗೇಜ್ ಆಗತೈತಿ ನೋಡಬೇ" ಎಂದು ಒಬ್ಬ ಕಂಡಕ್ಟರು ಒಮ್ಮೆ ತಗಾದೆ ತೆಗೆದ.

"ಇದರಾಗ ಸೀತಿ ಅದಾಳ, ಮಂಡೋದರಿ ಅದಾಳ. ಹೆಣ್ಮಕ್ಕಳ ಹತ್ರ ರೊಕ್ಕ ಕೇಳ್ತಿಯೇನಲೇ?"

"ಮತ್ತ ರಾವಣ?"

"ಅವನ್ನ ಕೇಳ ಧೈರ್ಯ ಇದ್ರ ಕೇಳು" ಎಂದು ಈರಮ್ಮಕ್ಕ ಹತ್ತೂ ತಲೆಗಳ ಅಟ್ಟಹಾಸ ಬಿಟ್ಟಳು. ಬಸ್ಸಿನಲ್ಲಿ ಮಲಗಿದ್ದ ಕೂಸು ಎದ್ದು ಅತ್ತಿತು. ಕಂಡಕ್ಟರು ತಾನೇ ಇಳಿದು ಪೆಟ್ಟಿಗೆಗೆ ಕೈ ಹಚ್ಚಿದ. ವ್ಯಾಪಾರದಲ್ಲಿ ಮೊದಲು ಎದುರಿನವನನ್ನು ನಗಿಸಬೇಕು, ಆಮೇಲೆ ಬೆಲೆ ಮಾತಾಡಬೇಕು ಎಂದು ಅದೇ ಬಸ್ಸಿನಲ್ಲಿದ್ದ ನಾನು ಕಲಿತದ್ದು ಅವತ್ತು. ನೀವೂ ಕಲಿತಿಡಿ, ನಷ್ಟವಿಲ್ಲ.

ನನ್ನದು ಬಳ್ಳಾರಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಸೈಕಲ್ಲಿಗೆ ಎರಡು ಹಾರ್ನ್ ಕಟ್ಟಿಕೊಂಡು ಶುರು ಮಾಡಿದವನು. ಅಕ್ಕತಂಗಿಯರ ಆಟಕ್ಕೆ ಮೈಕು ಕಟ್ಟಲು ಹೋದವನು ಬರಬರುತ್ತ ಅವರ ಪರವಾಗಿ ಊರಿನವರ ಜೊತೆ ಚೌಕಾಸಿ ಮಾಡುವವನೂ ಆದೆ. ಅವರಿಗೆ ಅದು ಬರುತ್ತಿರಲಿಲ್ಲ. ಯಾರಾದರೂ "ನಿಮ್ಮಂಥಾ ಕಲಾವಿದರು" ಎಂದರೆ ಸಾಕು, ಇಬ್ಬರೂ ಒಪ್ಪಿ ತಲೆ ಆಡಿಸಿಬಿಡುತ್ತಿದ್ದರು. ಬಳ್ಳಾರಿಯಲ್ಲಿ ಸನ್ಮಾನದ ಶಾಲು ಹೊದಿಸಿದರೆ ಅದನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿ ರಾಮನಿಗೂ ರಾವಣನಿಗೂ ನಡುವೆ ಹಾಸುತ್ತಿದ್ದರು. ಆ ಇಬ್ಬರನ್ನು ಮೈಗೆ ಮೈ ತಾಗಿಸಿ ಇಡಬಾರದಂತೆ. "ರಾತ್ರೆಲ್ಲಾ ಜಗಳಾಡ್ತಾರ ಖಾದರಣ್ಣ, ತೊಗಲು ಹರಿತೈತಿ" ಎನ್ನುತ್ತಿದ್ದಳು ಸುಂಕಮ್ಮ.

ಅವರಪ್ಪ ತನ್ನ ವಿದ್ಯೆಯನ್ನು ಹೊಲ ಹಂಚಿದಂತೆ ಹಂಚಿದ್ದ. ಬಾಯಿ ಈರಿಗೆ, ಕೈ ಸುಂಕಿಗೆ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕಬಾರದು. ಹೀಗಾದರೆ ಅಕ್ಕತಂಗಿ ಎಂದೂ ಬೇರೆಯಾಗುವುದಿಲ್ಲ ಎಂದು ಅವನ ಲೆಕ್ಕ. ಪರದೆಯ ಹಿಂದೆ ಎಲ್ಲ ಪಾತ್ರಗಳ ಮಾತೂ ಹಾಡೂ ಈರಮ್ಮಕ್ಕನದು, ಎಲ್ಲ ಗೊಂಬೆಗಳ ಜೀವ ಸುಂಕಮ್ಮನದು. ಒಂದಕ್ಷರ ಬರೆದಿಟ್ಟದ್ದಿಲ್ಲ. ಮಾತು ಅವತ್ತಿನದು ಅವತ್ತಿಗೆ ಹುಟ್ಟುತ್ತಿತ್ತು.

ರಾವಣನದು ದೊಡ್ಡ ಗೊಂಬೆ, ಭಾರ. ತೆಕ್ಕಲಕೋಟೆಯಲ್ಲಿ ಒಂದು ಸಂಜೆ ಈರಮ್ಮಕ್ಕ ರಾವಣನ ಮಾತನ್ನು ಬೆಳೆಸಿದಳು, ಬೆಳೆಸಿದಳು. ಕೈ ಸೋತ ಸುಂಕಮ್ಮ 'ಸಾಕು ಮಾಡು' ಎಂದು ಗೊಂಬೆಯನ್ನು ಗಡಗಡ ಅಲುಗಿಸಿದಳು. ಕೂಡಲೇ ರಾವಣ, "ಎಲೈ ನನ್ನ ಭುಜವೇ, ಕೈಲಾಸವನ್ನೇ ಎತ್ತಿದ ನೀನು ಈಗೇಕೆ ನಡುಗುತ್ತಿರುವೆ? ಮಧ್ಯಾಹ್ನ ರೊಟ್ಟಿ ತಿನ್ನಲಿಲ್ಲವೇ?" ಎಂದ. ಜನ ಬಿದ್ದು ಬಿದ್ದು ನಕ್ಕರು. ಸುಂಕಮ್ಮ ಇನ್ನೂ ಜೋರಾಗಿ ಅಲುಗಿಸಿದಳು. "ಆಯಿತು, ಭುಜಕ್ಕೆ ಸಿಟ್ಟು ಬಂದಿದೆ. ಸಭೆ ಮುಗಿಯಿತು" ಎಂದ ರಾವಣ. ಆಮೇಲೆ ಊರೂರಿನವರು "ಭುಜದ ಮಾತು ಇರ್ಲಿ" ಎಂದು ಕೇಳಿ ಹಾಕಿಸುತ್ತಿದ್ದರು.

ಎರಡು ವರ್ಷದ ಹಿಂದೆ ಆ ದನಿ ಒಡೆಯತೊಡಗಿತು. ಶುಂಠಿ, ಜ್ಯೇಷ್ಠಮಧು ಎಲ್ಲ ಆಯಿತು. ಕೊನೆಗೆ ಬಳ್ಳಾರಿಗೆ ಕರೆತಂದು ತೋರಿಸಿದೆ. ಗಂಟಲಲ್ಲಿ ಗಡ್ಡೆ, ಜೀವ ಉಳಿಯಬೇಕೆಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

"ಅರ್ಧ ಉಳಿಸಾಕ ಬರಂಗಿಲ್ಲೇನ್ರೀ?" ಎಂದೆ. ನನಗೆ ಬರುವುದು ಅದೊಂದೇ.

"ಇದರಾಗ ಚೌಕಾಸಿ ಇಲ್ರೀ" ಎಂದರು ಅವರು, ಮೆತ್ತಗೆ.

ಸುಂಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಈರಮ್ಮಕ್ಕ ಒಡಕು ದನಿಯಲ್ಲೇ ಅಂದಳು: "ರಾವಣಗ ಹತ್ತು ತಲಿ ಅದಾವ್ರೀ ಸಾಹೇಬ್ರ. ಒಂದು ಗಂಟಲು ತಗೀರಿ, ಒಂಬತ್ತು ಉಳಿತಾವ." ಡಾಕ್ಟರು ನಗಲು ನೋಡಿದರು, ಆಗಲಿಲ್ಲ.

ಅಕ್ಕನ ದನಿ ಹೋದರೆ ತಂಗಿಯ ಕೈಯೂ ಹೋದಂತೆಯೇ. ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಆಪರೇಷನ್ನಿಗೆ ಮೊದಲು ಅಂಗಡಿಯ ಮಹಡಿ ಕೋಣೆಯ ಗೋಡೆಗೆ ಗೋಣಿಚೀಲ ಬಡಿದು, ಹೊರಗಿನ ಸದ್ದು ಬರದಂತೆ ಮಾಡಿ, ಈರಮ್ಮಕ್ಕನ ಇಡೀ ಆಟ ರೆಕಾರ್ಡು ಮಾಡಿಸಿದೆ. ನಡುನಡುವೆ ಬಿಸಿನೀರು ಕುಡಿದು, ಒಡೆದಲ್ಲಿ ಮತ್ತೆ ಹೇಳಿ, ಪೂರ್ತಿ ಕೊಟ್ಟಳು. "ಇನ್ನ ನೀ ಹೆದರಬ್ಯಾಡ" ಎಂದು ಸುಂಕಮ್ಮನಿಗೆ ಧೈರ್ಯ ಹೇಳಿದೆ. ಎಲ್ಲಕ್ಕೂ ಒಂದು ದಾರಿ ಇರುತ್ತದೆ ಎಂಬುದು ಅಲ್ಲಿಯತನಕ ನನ್ನ ನಂಬಿಕೆ.

ಆಪರೇಷನ್ ಆಗಿ, ಗಾಯ ಮಾಗಿದ ಮೇಲೆ ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಆಟ. ಕೊರಳಿಗೆ ಮಫ್ಲರ್ ಸುತ್ತಿಕೊಂಡು ಈರಮ್ಮಕ್ಕ ನನ್ನ ಮಗ್ಗುಲಲ್ಲಿ, ಪರದೆಯ ಈಚೆ ಕೂತಿದ್ದಳು. ಹುಟ್ಟಿದಾಗಿನಿಂದ ಅವಳು ಈ ಕಡೆ ಕೂತದ್ದು ಅದೇ ಮೊದಲು. ರಾವಣ ಬಂದ. ನನ್ನ ಸ್ಪೀಕರಿನಲ್ಲಿ ಅವಳ ದನಿ ಗಿರಣಿಯ ತಗಡು ನಡುಗುವಂತೆ ಎದ್ದಿತು. ಜನ ಚಪ್ಪಾಳೆ ಹೊಡೆದರು. ನಾನು ಗೆದ್ದೆ ಅಂದುಕೊಂಡೆ.

ಮಾತು ಬೆಳೆಯಿತು. ಸುಂಕಮ್ಮನ ಕೈ ಸೋತಿರಬೇಕು, ಗೊಂಬೆ ಅಲುಗಾಡಿತು. ದನಿ ನಿಲ್ಲಲಿಲ್ಲ. ಇನ್ನೊಮ್ಮೆ ಅಲುಗಿಸಿದಳು, ಹಳೆಯ ರೀತಿ, ಗಡಗಡ. ದನಿ ತನ್ನ ಪಾಡಿಗೆ ಲಂಕೆಯ ವೈಭವ ಹೇಳುತ್ತಲೇ ಹೋಯಿತು. ನನ್ನ ಪಕ್ಕದಲ್ಲಿ ಈರಮ್ಮಕ್ಕ ಅರ್ಧ ಎದ್ದಳು. ತುಟಿಗಳು ಆಡುತ್ತಿದ್ದವು. ಭುಜಕ್ಕೆ ಉತ್ತರ ಕೊಡುತ್ತಿದ್ದಳು, ನನಗೆ ಗೊತ್ತಾಯಿತು.

"ಖಾದರಣ್ಣ, ಬಂದ್ ಮಾಡಣ್ಣ" ಎಂದಳು ಪರದೆಯ ಹಿಂದಿನಿಂದ ಸುಂಕಮ್ಮ.

ಬಂದ್ ಮಾಡಿದೆ. ಕರೆಂಟ್ ಹೋಯಿತೇನೋ ಎಂದು ಜನ ಹಿಂದೆ ತಿರುಗಿ ನೋಡಿದರು. ಪರದೆಯ ಮೇಲೆ ರಾವಣ ನಿಧಾನಕ್ಕೆ ಕೆಳಗಿಳಿದ.

ಕಳೆದ ತಿಂಗಳು ಕುರುಗೋಡಿಗೆ, ಅವರ ಮನೆಗೆ ಹೋಗಿದ್ದೆ. ಬೇರೆ ಹೊಸ ಉಪಾಯ ಹೇಳಬೇಕೆಂದೇ ಹೋದದ್ದು. ಚಹಾ ಕೊಟ್ಟು, ಸುಂಕಮ್ಮ ಆ ರೆಕಾರ್ಡಿನ ಪೆನ್ ಡ್ರೈವ್ ತಂದು ನನ್ನ ಅಂಗೈಯಲ್ಲಿಟ್ಟಳು. "ನಿನ್ನ ಹತ್ರನ ಇರ್ಲಿ ಅಣ್ಣ. ದನಿ ಅಕ್ಕಂದ ಐತಿ, ಆದ್ರ ಇದು ನನ್ನ ಬೈಯಂಗಿಲ್ಲ."

ಅದನ್ನು ಜೇಬಿಗೆ ಹಾಕಿಕೊಂಡು ಎದ್ದೆ.

ಕಳಿಸಲು ಈರಮ್ಮಕ್ಕ ಕ್ರಾಸಿನತನಕ ಬಂದಳು. ಬಸ್ಸು ಕಂಡಿತು. ಅವಳು ಹಳೆಯ ಅಭ್ಯಾಸದಂತೆ ಎದೆ ಉಬ್ಬಿಸಿ ಬಾಯಿ ತೆರೆದಳು. ಬಸ್ಸು ಧೂಳು ಹಾರಿಸಿಕೊಂಡು ಹೊರಟುಹೋಯಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ನನ್ನ ಕಡೆ ತಿರುಗಿ, ಮುಂದಿನದಕ್ಕೆ ನೀನು ಕೂಗು ಎಂಬಂತೆ ಗದ್ದ ಎತ್ತಿದಳು.

ಮುಂದಿನದು ಬಂತು. "ಎಲವೋ ಸಾರಥಿ" ಎಂದೆ. ಊರಿಗೆಲ್ಲ ಮೈಕು ಕಟ್ಟುವವನ ದನಿ ರಸ್ತೆಯನ್ನೂ ದಾಟಲಿಲ್ಲ. ಅದೂ ನಿಲ್ಲಲಿಲ್ಲ.

ಈರಮ್ಮಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಅದೇ ಅಟ್ಟಹಾಸ. ಪಕ್ಕದಲ್ಲೇ ನಿಂತಿದ್ದೆ, ನನಗೂ ಕೇಳಿಸಲಿಲ್ಲ.